ವಿಮಾನದ ಉತಾರ ಯಾರ ಹೆಸರಿನಲ್ಲಿದೆ?

‘ಸೂರರೈ ಪೋಟ್ರು’ ನೋಡಿ ಕಣ್ಣು ಒರೆಸಿಕೊಳ್ಳದವರು ನನ್ನ ಆಫೀಸಿನಲ್ಲಿ ಯಾರೂ ಇಲ್ಲ. 2020ರ ನವೆಂಬರಿನಲ್ಲಿ, ನಾವೆಲ್ಲ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಹೊತ್ತಿಗೆ, ಸುಧಾ ಕೊಂಗರ ಅವರ ಈ ಸಿನಿಮಾ ಬಂತು. ಸ್ಟಾರ್ಟಪ್ ಕನಸು ಕಾಣುವವರಿಗೆಲ್ಲ ಅದು ಭಗವದ್ಗೀತೆ ಆಗಿಬಿಟ್ಟಿತು. ಆಮೇಲೆ ರಾಷ್ಟ್ರಪ್ರಶಸ್ತಿಗಳು ಬಂದವು, 2024ರಲ್ಲಿ ಹಿಂದಿಯ ‘ಸರ್ಫಿರಾ’ ಬಂತು. ನನಗೂ ಸಿನಿಮಾ ಇಷ್ಟ. ಇಷ್ಟವಾದ್ದರಿಂದಲೇ ಈ ತಕರಾರು.

ಎಲ್ಲರೂ ಎತ್ತಿದ ತಕರಾರನ್ನು ಮೊದಲು ಮುಗಿಸಿಬಿಡೋಣ. ಕತೆಗೆ ಪ್ರೇರಣೆ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ತಮಿಳಿನಲ್ಲಿ ನಾಯಕ ಶೋಳವಂದಾನ್‌ನವನಾದ, ಹಿಂದಿಯಲ್ಲಿ ಮರಾಠಿಗನಾದ, ಸೈನ್ಯದ ಬದಲು ವಾಯುಪಡೆಯಿಂದ ಬಂದವನಾದ. ಕನ್ನಡಿಗ ಮಾತ್ರ ಆಗಲಿಲ್ಲ. ಬೇಜಾರಾಗುತ್ತದೆ, ಹೌದು. ಆದರೆ ಸಿನಿಮಾ ಮಾಡುವವರು ತಮ್ಮ ಪ್ರೇಕ್ಷಕರಿಗೆ ಒಗ್ಗುವ ಊರು ಹುಡುಕುವುದು ಸಹಜ. ಈ ಕತೆ ನಮ್ಮ ಗಾಂಧಿನಗರದ ಕಣ್ಣಿಗೆ ಯಾಕೆ ಬೀಳಲಿಲ್ಲ ಅನ್ನುವುದು ಬೇರೆ ಪ್ರಶ್ನೆ.

ನನ್ನ ತಕರಾರು ಊರು ಬದಲಾದದ್ದಕ್ಕಲ್ಲ. ನೀರು ಕಾಣೆಯಾದದ್ದಕ್ಕೆ.

ನಾನು ನವಿಲುತೀರ್ಥದವನು. ಸವದತ್ತಿಯ ಹತ್ತಿರ, ಗುಡ್ಡ ಸೀಳಿಕೊಂಡು ಹರಿಯುವ ಮಲಪ್ರಭೆಗೆ ಅಡ್ಡಲಾಗಿ ಕಟ್ಟಿದ ಡ್ಯಾಮಿನ ಊರು. ಹಿಂದೆ ನಿಂತಿರುವ ನೀರಿಗೆ ರೇಣುಕಾ ಸಾಗರ ಅಂತ ಹೆಸರು. ಪಿಕ್‌ನಿಕ್‌ಗೆ ಬಂದವರಿಗೆ ಅದು ಸಾಗರ. ಅದರಡಿ ಹೊಲ ಕಳೆದುಕೊಂಡವರಿಗೆ ಅದು ಮುಳುಗಡೆ. ‘ನಮ್ಮ ಹೊಲ ಅಲ್ಲೇ ಐತಿ ನೋಡ್ರಿ’ ಅಂತ ನೀರಿನ ಕಡೆ ಕೈ ತೋರಿಸುವ ಹಿರಿಯರ ನಡುವೆ ಬೆಳೆದವನು ನಾನು. ಹಾಗಾಗಿ ಗೋಪಿನಾಥರ ಆತ್ಮಕತೆ ‘ಸಿಂಪ್ಲಿ ಫ್ಲೈ’ ಓದುವಾಗ (ಕನ್ನಡದಲ್ಲಿ ಇದೇ ಬದುಕು ‘ಬಾನಯಾನ’ವಾಗಿ ಬಂದಿದೆ) ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಮಾನವಲ್ಲ, ಹೇಮಾವತಿ. ಗೊರೂರಿನ ಡ್ಯಾಮಿನಲ್ಲಿ ಆ ಕುಟುಂಬದ ಜಮೀನು ಮುಳುಗಿತು. ಬದಲಿಗೆ ದೂರದಲ್ಲಿ, ಜಾವಗಲ್ ಕಡೆ, ಬರಡು ಭೂಮಿ ಸಿಕ್ಕಿತು. ಸೈನ್ಯ ಬಿಟ್ಟು ಬಂದ ಯುವಕ ಅಲ್ಲಿ ತೋಟ ಮಾಡಿದ, ರೇಷ್ಮೆ ಬೆಳೆದ. ಆ ಕೃಷಿಗೇ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಡೆಕ್ಕನ್ ಏವಿಯೇಷನ್ನಿನ ಹೆಲಿಕಾಪ್ಟರ್ ಹಾರಿದ್ದು ಅದಾದ ಮೇಲೆ, 1997ರಲ್ಲಿ.

ಸಿನಿಮಾದಲ್ಲಿ ಈ ಮುಳುಗಡೆ ಇಲ್ಲ. ಅದರ ಜಾಗದಲ್ಲಿ ರೈಲು ನಿಲ್ಲದ ಊರು ಇದೆ. ಇವತ್ತಿಗೂ ರೈಲೇ ಇಲ್ಲದ ಸವದತ್ತಿ ತಾಲೂಕಿನವನಾಗಿ ಅದೂ ನನ್ನನ್ನು ತಟ್ಟಿತು ಅನ್ನಿ. ಆದರೆ ಎರಡೂ ಒಂದೇ ಅಲ್ಲ. ರೈಲು ನಿಲ್ಲದಿದ್ದರೆ ಹೋರಾಟ ಮಾಡಿ ನಿಲ್ಲಿಸಬಹುದು. ಮುಳುಗಿದ ಹೊಲಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು, ಸರ್ವೆ ನಂಬರು, ಪರಿಹಾರದ ಆದೇಶ, ಸಹಿ, ಸೀಲು ಅಂತ. ಮುಳುಗಡೆಯ ಮನೆಯಲ್ಲಿ ಬೆಳೆದವನಿಗೆ ಕಾಗದ ಅಂದರೆ ಏನು ಅಂತ ಗೊತ್ತಿರುತ್ತದೆ. ಸಿನಿಮಾಕ್ಕೆ ಕಾಗದ ಅಂದರೆ ಖಳನಾಯಕ.

ಪರೇಶ್ ರಾವಲ್ ಚೆನ್ನಾಗಿ ನಟಿಸಿದ್ದಾರೆ, ಅದಲ್ಲ ಮಾತು. ಲೈಸೆನ್ಸ್ ಸಿಗದಿದ್ದರೆ ಅದರ ಹಿಂದೆ ಅವನು, ಲೀಸ್ ತಪ್ಪಿದರೂ ಅವನೇ. ಹೀಗಾದಾಗ ನಿಯಮ ಯಾಕಿದೆ, ಯಾರಿಗಾಗಿ ಇದೆ ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ಒಬ್ಬ ಕೆಟ್ಟವನು ಸೋತರೆ ಆಕಾಶ ತೆರೆದುಕೊಳ್ಳುತ್ತದೆ! ಆಕಾಶ ಹಾಗೆ ತೆರೆದುಕೊಳ್ಳುವುದಿಲ್ಲ.

ಮುಂದಿನ ಸಲ ಏರ್‌ಪೋರ್ಟಿಗೆ ಹೋದಾಗ ವಿಮಾನದ ಬಾಲದ ಹತ್ತಿರ ಬರೆದ ಅಕ್ಷರ ನೋಡಿ. ನಮ್ಮಲ್ಲಿ ‘ವಿಟಿ’ಯಿಂದ ಶುರುವಾಗುತ್ತದೆ. ‘ವೈಸ್‌ರಾಯ್ ಟೆರಿಟರಿ’ ಅಂತ ವಾಟ್ಸಾಪಿನಲ್ಲಿ ಓಡಾಡುವ ಕತೆ ಬಿಡಿ. ಬ್ರಿಟಿಷ್ ಸಾಮ್ರಾಜ್ಯಕ್ಕೆ ಹಂಚಿದ್ದ ರೇಡಿಯೊ ಸಂಕೇತಗಳ ‘ವಿ’ ಸಾಲಿನಿಂದ ಬಂದ ಅಕ್ಷರಗಳವು. 1944ರ ಶಿಕಾಗೋ ಒಪ್ಪಂದದ ಪ್ರಕಾರ ವಿಮಾನಕ್ಕೂ ರಾಷ್ಟ್ರೀಯತೆ ಇದೆ: ಯಾವ ದೇಶದಲ್ಲಿ ನೋಂದಣಿಯೋ ಆ ದೇಶದ್ದು. ಏಕಕಾಲಕ್ಕೆ ಎರಡು ದೇಶದ್ದಾಗುವಂತಿಲ್ಲ.

ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಇದು ವಿಮಾನದ ಉತಾರ. ಉಳುವವನು ಒಬ್ಬ, ಉತಾರದಲ್ಲಿ ಹೆಸರು ಇನ್ನೊಬ್ಬನದು. ಯುರೋಪಿನಲ್ಲಿ ಸಣ್ಣ ಖಾಸಗಿ ವಿಮಾನ ಇಟ್ಟುಕೊಂಡ ಎಷ್ಟೋ ಹವ್ಯಾಸಿಗಳ ವಿಮಾನದ ಮೇಲೆ ಅಮೆರಿಕದ ‘ಎನ್’ ಅಕ್ಷರ ಇರುತ್ತದೆ. ಮೋಡದೊಳಗೆ ಉಪಕರಣ ನೋಡಿಕೊಂಡು ಹಾರುವ ಅರ್ಹತೆ ಅಮೆರಿಕದ ಪದ್ಧತಿಯಲ್ಲಿ ಖಾಸಗಿ ಪೈಲಟ್‌ಗಳ ಕೈಗೆ ಸುಲಭವಾಗಿ ಎಟಕುತ್ತಿತ್ತು ಅನ್ನುವುದು ಒಂದು ದೊಡ್ಡ ಕಾರಣ. ಆದರೆ ಅಮೆರಿಕದ ಪ್ರಜೆಯಲ್ಲದವನು ಅಲ್ಲಿ ನೇರವಾಗಿ ನೋಂದಾಯಿಸುವುದು ಕಷ್ಟ. ಅದಕ್ಕೆ ಅಲ್ಲಿನ ಒಂದು ಟ್ರಸ್ಟ್ ಹೆಸರಿಗೆ ವಿಮಾನ ಬರೆದುಕೊಡುತ್ತಾರೆ. ದುಡ್ಡು ಇವನದು, ಹಾರಿಸುವವನು ಇವನು, ಕಾಗದದಲ್ಲಿ ಒಡೆಯ ಟ್ರಸ್ಟ್! ಯುರೋಪು ಸುಮ್ಮನಿರಲಿಲ್ಲ. ಇಲ್ಲೇ ಇದ್ದು ಇಲ್ಲೇ ಹಾರಿಸುವುದಾದರೆ ನಮ್ಮ ಲೈಸೆನ್ಸೂ ಬೇಕು ಅಂತ ನಿಯಮ ಬಿಗಿ ಮಾಡಿತು. ಲಕ್ಷಾಂತರ ಯೂರೊ ಸುರಿಯುವ ಶ್ರೀಮಂತನಿಗೂ ಹಾರುವ ಸ್ವಾತಂತ್ರ್ಯ ಸಿಗುವುದು ಕಾಗದದ ಮೂಲಕವೇ.

ಏರ್ ಡೆಕ್ಕನ್ನಿನ ಮೊದಲ ವಿಮಾನಗಳೂ ಬಾಡಿಗೆಯವೇ, ನಮ್ಮ ಲಾವಣಿ ಹೊಲದ ಹಾಗೆ. ಅದರಲ್ಲಿ ಅವಮಾನವೇನೂ ಇಲ್ಲ, ಇವತ್ತಿಗೂ ಭಾರತದ ಹೆಚ್ಚಿನ ಪ್ರಯಾಣಿಕ ವಿಮಾನಗಳು ಲೀಸಿನಲ್ಲೇ ಹಾರುತ್ತವೆ. ಆದರೆ ಲಾವಣಿ ಹೊಲದ ತಾಪತ್ರಯ ಗೊತ್ತಾಗುವುದು ಫಸಲು ಕೆಟ್ಟಾಗ. ಡೆಕ್ಕನ್ ಮಲ್ಯರ ಕಿಂಗ್‌ಫಿಷರಿನಲ್ಲಿ ಲೀನವಾಯಿತು, 2012ರಲ್ಲಿ ಕಿಂಗ್‌ಫಿಷರ್ ನೆಲಕ್ಕಿಳಿಯಿತು. ವಿಮಾನಗಳ ನಿಜವಾದ ಒಡೆಯರು ಅವನ್ನು ಬಿಡಿಸಿಕೊಂಡು ಹೋಗಲು ಪರದಾಡಿದರು. 2023ರಲ್ಲಿ ಗೋ ಫಸ್ಟ್ ಮುಗ್ಗರಿಸಿದಾಗ ಅದೇ ಗೋಳು. ‘ವಿಟಿ’ ಅಕ್ಷರ ಅಳಿಸಿ ವಿಮಾನ ಬಿಟ್ಟುಕೊಡಿ ಅನ್ನಲು ದೆಹಲಿ ಹೈಕೋರ್ಟೇ ಬೇಕಾಯಿತು, 2024ರಲ್ಲಿ. ಲೀಸುದಾರರ ಹಕ್ಕಿಗೆಂದೇ ಸಂಸತ್ತು ಕಾಯ್ದೆ ಮಾಡಿದ್ದು 2025ರಲ್ಲಿ. ಆತ್ಮಕತೆ ಕಿಂಗ್‌ಫಿಷರಿನ ಪತನಕ್ಕೆ ಮೊದಲೇ ಬಂದದ್ದು, ಹಾಗಾಗಿ ಈ ಅಂತ್ಯ ಅದರಲ್ಲಿ ಇರಲು ಸಾಧ್ಯವಿಲ್ಲ. 2020ರ ಸಿನಿಮಾಕ್ಕೆ ಆ ನೆಪ ಇಲ್ಲ. ಅದು ಗೆಲುವಿನ ಕ್ಷಣದಲ್ಲಿ ಪರದೆ ಎಳೆದುಬಿಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ತಂದೆ ಸಾವಿನ ಅಂಚಿನಲ್ಲಿರುವಾಗ ಟಿಕೆಟ್ಟಿಗೆ ಕಡಿಮೆ ಬಿದ್ದ ದುಡ್ಡಿಗಾಗಿ ಸೂರ್ಯ ಏರ್‌ಪೋರ್ಟಿನಲ್ಲಿ ಸಿಕ್ಕವರ ಮುಂದೆಲ್ಲ ಕೈಚಾಚುವ ದೃಶ್ಯಕ್ಕೆ ನನ್ನ ಬಳಿ ಯಾವ ತಕರಾರೂ ಇಲ್ಲ. ದೂರದ ಊರು ಬಿಟ್ಟು ಬಂದ ನಮ್ಮೆಲ್ಲರ ಭಯ ಅದು. ರಾತ್ರಿ ಫೋನ್ ಬಂದರೆ ಬೆಳಗಾಗುವುದರೊಳಗೆ ಮುಟ್ಟುತ್ತೇನಾ? 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ನಿನ ಮೊದಲ ಹಾರಾಟ ಬೆಂಗಳೂರು–ಹುಬ್ಬಳ್ಳಿ ನಡುವೆ ಆದದ್ದು ಈ ಭಯಕ್ಕೆ ಕೊಟ್ಟ ಉತ್ತರದ ಹಾಗೆ ನನಗೆ ಕಾಣುತ್ತದೆ. ಮುಂಬೈಯಲ್ಲ, ದೆಹಲಿಯಲ್ಲ, ಹುಬ್ಬಳ್ಳಿ! ಆ ಉತ್ತರ ಕಾಯಂ ಅಲ್ಲ ಅನ್ನುವುದೂ ನಮಗೆ ಗೊತ್ತು. ಉಡಾನ್ ಯೋಜನೆಯಲ್ಲಿ ಬೆಳಗಾವಿಯ ಸಾಂಬ್ರಾಕ್ಕೆ ಬಂದ ಕೆಲವು ಮಾರ್ಗಗಳು ಮೂರು ವರ್ಷದ ಸಬ್ಸಿಡಿ ಮುಗಿದ ಮೇಲೆ ನಿಂತವು. ಅಲ್ಲಿ ಯಾವ ಖಳನೂ ಇರಲಿಲ್ಲ, ಲೆಕ್ಕ ಕೂಡಲಿಲ್ಲ ಅಷ್ಟೆ.

ಆದ್ದರಿಂದ ಸಿನಿಮಾ ನೋಡಿದವರು ಪುಸ್ತಕವನ್ನೂ ಓದಿ. ಅದೂ ಗೆದ್ದವರ ಕತೆಯೇ, ಉತ್ಸಾಹ ಸ್ವಲ್ಪ ಜಾಸ್ತಿಯೇ ಇದೆ. ಆದರೆ ಅದರಲ್ಲಿ ಮಣ್ಣಿದೆ, ಮುಳುಗಿದ ಊರಿದೆ, ಕಚೇರಿಯ ಬಾಗಿಲಲ್ಲಿ ಕಾಯುವ ಗಂಟೆಗಳಿವೆ. ರೆಕ್ಕೆ ಯಾರಿಗೂ ಬಿಟ್ಟಿ ಸಿಗುವುದಿಲ್ಲ ಅಂತ ಸಿನಿಮಾ ಹೇಳುತ್ತದೆ. ಆ ರೆಕ್ಕೆ ಯಾರ ಹೆಸರಿನಲ್ಲಿದೆ ಅಂತ ಕೇಳುವ ಅಭ್ಯಾಸ ಮುಳುಗಡೆಯ ಊರಿನವರಿಗೆ ಮೊದಲಿನಿಂದಲೂ ಇದೆ. ಸ್ಟಾರ್ಟಪ್ ಮಾಡಲು ಹೊರಟವರೂ ಅದನ್ನು ಬೇಗ ಕಲಿತರೆ ಒಳ್ಳೆಯದು.