ರಾಜ್ಯಶಾಸ್ತ್ರದ ಪಾಠವೂ ಕರ್ತೃವಿಲ್ಲದ ವಾಕ್ಯವೂ

ಪದವಿಪೂರ್ವ ತರಗತಿಯಲ್ಲಿ ರಾಜ್ಯಶಾಸ್ತ್ರವನ್ನು ಓದುವವರು ಮೊದಲ ವರ್ಷದಲ್ಲಿಯೇ ರಾಜ್ಯದ ಮೂಲಾಂಶಗಳು ನಾಲ್ಕೆಂದು ಕಲಿಯುತ್ತಾರೆ: ಜನಸಮುದಾಯ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. ಕಡೆಯದಕ್ಕೆ ‘ಸಾರ್ವಭೌಮತ್ವ’ಕ್ಕಿಂತ ‘ಪರಮಾಧಿಕಾರ’ವೆಂಬ ಮಾತೇ ಮೇಲೆಂದು ನಮ್ಮ ಮತ, ಅರ್ಥವು ಶಬ್ದದಲ್ಲಿಯೇ ತೋರುತ್ತದೆ. ಎರಡನೆಯ ವರ್ಷದಲ್ಲಿ ದೇಶೀಯ ಸಂಸ್ಥಾನಗಳ ವಿಲೀನದ ಪ್ರಕರಣವು ಬರುತ್ತದೆ. ಒಂದನ್ನು ಓದುವಾಗ ಮತ್ತೊಂದು ನೆನಪಿಗೆ ಬಾರದಂತೆ ಇವೆರಡೂ ದೂರದೂರ ನಿಂತಿವೆಯೆಂಬುದೇ ನಮ್ಮ ಆಕ್ಷೇಪ. ಇದಕ್ಕೆ ಕಾರಣವು ಬಹುಮಟ್ಟಿಗೆ ಭಾಷೆಯಲ್ಲಿರುವುದರಿಂದ ಈ ವಿಚಾರವು ಸಾಹಿತ್ಯದ ಅಧ್ಯಾಪಕರಿಗೂ ಸೇರಿದುದು.

ರಾಯಚೂರಿನ ಉತ್ತರಕ್ಕೆ ಕೃಷ್ಣೆಯ ದಡದಲ್ಲಿರುವ ದೇವಸುಗೂರನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಅಲ್ಲಿಯ ಜನವೂ ನೆಲವೂ ಕದಲಲಿಲ್ಲ. ಆದರೂ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳಿಕೆಯಲ್ಲಿದ್ದ ಆ ಊರು ಅನಂತರ ಭಾರತದೊಳಗಿನ ಹೈದರಾಬಾದ್ ರಾಜ್ಯಕ್ಕೂ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯಕ್ಕೂ ಸೇರಿತು. ಅದುವರೆಗೆ ಅಲ್ಲಿ ಒಳನಾಡಿನ ಹೊಳೆಯಾಗಿದ್ದ ಕೃಷ್ಣೆಯು ಅಂದು ಗಡಿಯಾಯಿತು. ಎದುರು ದಡವು ಆಂಧ್ರಪ್ರದೇಶಕ್ಕೆ ಹೋಯಿತು, 2014ರಿಂದ ತೆಲಂಗಾಣದಲ್ಲಿದೆ. ರಾಯಚೂರು ಜಿಲ್ಲೆಯವೇ ಆಗಿದ್ದ ಗದ್ವಾಲ, ಆಲಂಪುರ ತಾಲೂಕುಗಳೂ ಅದೇ ವಿಂಗಡಣೆಯಲ್ಲಿ ಕೈಬಿಟ್ಟುಹೋದುವು. ಇಷ್ಟೆಲ್ಲ ಆದರೂ 1956ರಲ್ಲಿ ಪರಮಾಧಿಕಾರವು ಇದ್ದಲ್ಲಿಯೇ ಇದ್ದಿತು. 1948ರಲ್ಲಿ ವಿವಾದಕ್ಕೆ ಬಂದದ್ದು ಅದೊಂದೇ. ಈ ಭೇದವನ್ನು ಹುಡುಗನು ಕಾಣುವುದೆಂತು? ಶಾಸ್ತ್ರದ ಹೆಸರಿನಲ್ಲಿರುವ ‘ರಾಜ್ಯ’ವೇ ಬೇರೆ, ಮೈಸೂರು ರಾಜ್ಯವೆಂಬಲ್ಲಿಯ ‘ರಾಜ್ಯ’ವೇ ಬೇರೆ, ನಮ್ಮಲ್ಲಿ ಎರಡಕ್ಕೂ ಶಬ್ದ ಒಂದೇ.

ಇನ್ನು ‘ಸಂಸ್ಥಾನವನ್ನು ವಿಲೀನಗೊಳಿಸಲಾಯಿತು’ ಎಂಬ ಬಗೆಯ ವಾಕ್ಯ. ವಿಲೀನಗೊಳಿಸಿದವರಾರು, ಯಾವ ಅಧಿಕಾರದಿಂದ? ಕ್ರಿಯಾಪದವು ಕರ್ತೃವನ್ನು ನುಂಗಿದೆ. ಹಳ್ಳಿಯ ಮುದುಕನು ‘ದಂಡು ಬಂತು’ ಎಂದರೆ ಕರ್ತೃಪದವಾದರೂ ಸಿಕ್ಕೀತು! 1947ರ ನವೆಂಬರಿನಲ್ಲಿ ಭಾರತವೂ ನಿಜಾಮರೂ ಯಥಾಸ್ಥಿತಿ ಒಪ್ಪಂದಕ್ಕೆ ರುಜು ಹಾಕಿದ್ದರು. 1948ರ ಆಗಸ್ಟಿನಲ್ಲಿ ಹೈದರಾಬಾದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದಿತು. ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದುದಕ್ಕೆ ‘ಪೊಲೀಸ್ ಕಾರ್ಯಾಚರಣೆ’ಯೆಂದು ಹೆಸರಾದರೂ ಬಂದದ್ದು ಸೈನ್ಯ. ಪೊಲೀಸರು ಮನೆಯೊಳಗಿನ ಕೆಲಸಕ್ಕೆ, ಸೈನ್ಯವು ಹೊರಗಿನ ಕೆಲಸಕ್ಕೆ ಎಂಬುದು ರೂಢಿಯಷ್ಟೆ. ಅಂದಮೇಲೆ ಹೈದರಾಬಾದಿಗೆ ಪರಮಾಧಿಕಾರವಿರಲಿಲ್ಲವೆಂಬ ವಾದವು ಆ ಹೆಸರಿನಲ್ಲಿಯೇ ಅಡಗಿದೆ. ರಜಾಕಾರರ ಹಾವಳಿಯಿಂದ ಬೆಂದವರಿಗೆ ಆ ಸೈನ್ಯವು ಬಿಡುಗಡೆಯನ್ನು ತಂದಿತೆಂಬುದು ದಿಟ. ಆದರೆ ಅದರಿಂದ ಶಾಸ್ತ್ರದ ಪ್ರಶ್ನೆಯು ತೀರಿದಂತಾಗಲಿಲ್ಲ. ಭಾರತದ ಸಂವಿಧಾನವನ್ನು ಒಪ್ಪಿ ನಿಜಾಮರು ಫರ್ಮಾನು ಹೊರಡಿಸಿದ್ದು 1949ರ ನವೆಂಬರ್ 23ರಂದು. ನಡುವಣ ಹದಿನಾಲ್ಕು ತಿಂಗಳು ನಾಲ್ಕನೆಯ ಮೂಲಾಂಶವು ಯಾರ ಕೈಯಲ್ಲಿದ್ದಿತು?

ಇದು ಸತ್ತ ಪ್ರಶ್ನೆಯೆಂದು ಕೆಲವರು ಹೇಳಬಹುದು. ದೇವಸುಗೂರಿನ ವಿದ್ಯಾರ್ಥಿಯು ಪರೀಕ್ಷೆ ಮುಗಿಸಿ ಮುಂದಿನ ವ್ಯಾಸಂಗದ ಮೀಸಲಾತಿಗಾಗಿ 371(ಜೆ) ಪ್ರಮಾಣಪತ್ರಕ್ಕೆ ಅರ್ಜಿ ಹಾಕುತ್ತಾನೆ. 2012ರಲ್ಲಿ ಸಂಸತ್ತು 98ನೆಯ ತಿದ್ದುಪಡಿಯಿಂದ ಕೊಟ್ಟ ಆ ವಿಶೇಷ ಸ್ಥಾನವು ಈ ಹಳೆಯ ಹೈದರಾಬಾದಿನ ಚರಿತ್ರೆಯ ಫಲವೇ. ‘ರಾಜ್ಯದ ಮೂಲಾಂಶಗಳನ್ನು ವಿವರಿಸಿ’ ಎಂದು ಕೇಳುವ ಬದಲು ‘1948ರ ಸೆಪ್ಟೆಂಬರ್ 12ರಂದು ಹೈದರಾಬಾದು ರಾಜ್ಯವಾಗಿದ್ದಿತೆ?’ ಎಂದು ಕೇಳಿ ನೋಡಬಾರದೇಕೆ?