ಕಲ್ಲು ನೆನಪಿಟ್ಟ ಬಿಸಿ

ಅಮೆರಿಕದ ಯೆಲ್ಲೊಸ್ಟೋನಿನಲ್ಲಿರುವ ಮ್ಯಾಮತ್ ಬುಗ್ಗೆಗಳ ನೀರು ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಉಕ್ಕುತ್ತದೆ. ನೆಲದಡಿಯ ಸುಣ್ಣಕಲ್ಲನ್ನು ಕರಗಿಸಿಕೊಂಡು ಬಂದ ಆ ನೀರಿನಿಂದ ಇಂಗಾಲದ ಡೈಆಕ್ಸೈಡ್ ಹಾರಿಹೋದಂತೆ ಬಿಳಿಯ ಕ್ಯಾಲ್ಸೈಟ್ ಪದರಪದರವಾಗಿ ಕಟ್ಟಿಕೊಳ್ಳುತ್ತದೆ. ಪ್ರವಾಸಿಗರು ಅದರ ಮೆಟ್ಟಿಲುಗಳ ಚೆಲುವು ನೋಡುತ್ತಾರೆ. ನನಗೆ ಹೆಚ್ಚು ಸೋಜಿಗವೆನಿಸುವುದು ಆ ಖನಿಜದೊಳಗೆ ಸಿಕ್ಕಿಕೊಂಡ ಆಮ್ಲಜನಕ.

ಸಾವಿರ ಆಮ್ಲಜನಕ ಪರಮಾಣುಗಳಲ್ಲಿ ಸುಮಾರು ಎರಡು ಮಾತ್ರ ಭಾರದ ಆಕ್ಸಿಜನ್-18. ಹರಳುಗಟ್ಟುವ ಕ್ಯಾಲ್ಸೈಟ್ ಇವುಗಳನ್ನು ನೀರಿಗಿಂತ ತುಸು ಹೆಚ್ಚಾಗಿ ಸೇರಿಸಿಕೊಳ್ಳುತ್ತದೆ. ನೀರು ಬಿಸಿಯಾದಷ್ಟೂ ಆ ಪಕ್ಷಪಾತ ಕಡಿಮೆ. ಹೆರಾಲ್ಡ್ ಯೂರಿ 1947ರಲ್ಲಿ ಇದನ್ನೇ ಲೆಕ್ಕಹಾಕಿ, ಖನಿಜವನ್ನು ಉಷ್ಣಮಾಪಕದಂತೆ ಓದುವ ದಾರಿ ತೆರೆದರು. ಎಂಥ ಉಪಾಯ! ಆದರೆ ಗಡಿಬಿಡಿಯಲ್ಲಿ ಕಟ್ಟಿದ ಕ್ಯಾಲ್ಸೈಟ್ ಸುಳ್ಳು ಹೇಳುವುದೂ ಉಂಟು: ಅನಿಲ ರಭಸವಾಗಿ ಹೊರಬಿದ್ದರೆ ಪರಮಾಣುಗಳಿಗೆ ಸಮತೋಲ ತಲುಪಲು ಬಿಡುವೇ ಇರುವುದಿಲ್ಲ.

ನೀರಿನ ಮೂಲದ ಪತ್ತೆಗೂ ಇದೇ ಜಾಡು. ಇಂಥ ಬಿಸಿನೀರಿನ ಹೈಡ್ರೋಜನ್ ಸಾಮಾನ್ಯವಾಗಿ ಸ್ಥಳೀಯ ಮಳೆಯದನ್ನೇ ಹೋಲುತ್ತದೆ, ಆಮ್ಲಜನಕ ಮಾತ್ರ ಬಿಸಿ ಬಂಡೆಯೊಡನೆ ವಿನಿಮಯಗೊಂಡು ಭಾರವಾಗಿದೆ ಎಂದು ಹಾರ್ಮನ್ ಕ್ರೇಗ್ ತೋರಿಸಿದರು. ಶಿಲಾಪಾಕದಿಂದ ಹುಟ್ಟಿದ್ದೆಂದು ಭಾವಿಸಬಹುದಾದ ನೀರಿನ ಬಹುಪಾಲು ಮಳೆಯದೇ ಎಂದಾಯಿತು. ಆವಿಯಾಗುತ್ತಲೇ ಇರುವ ಆಮ್ಲೀಯ ಕೊಳಗಳ ಕತೆ ಬೇರೆ. ಅಲ್ಲಿ ಹೈಡ್ರೋಜನ್ನೂ ಭಾರವಾಗುತ್ತದೆ.