ನಾಲೆಯ ಬಿಡುವು, ಕಣದ ಬಿಡುವು: ಕೌದಿಗೊಂದು ವರ್ಷಕ್ರಮ

ಹಳೆಯ ಸೀರೆ, ಪಂಚೆ, ಅಂಗಿಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತೇಪೆಗಳನ್ನಿಟ್ಟು, ಎಲ್ಲ ಪದರಗಳನ್ನೂ ಒಂದೇ ಎಳೆಯ ಓಟದ ಹೊಲಿಗೆಯಿಂದ ಬಿಗಿದ ಹೊದಿಕೆಯೇ ಕೌದಿ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಇದಕ್ಕೆ ಬೊಂತೆ ಎಂಬ ಹೆಸರೂ ಉಂಟು. ಹೊಸ ವರ್ಷ ಬಂದಾಗ ಈ ಹವ್ಯಾಸವನ್ನು ಕೈಗೆತ್ತಿಕೊಳ್ಳುವವರು ಸಾಮಾನ್ಯವಾಗಿ ಜನವರಿಯ ಮೊದಲ ವಾರದಲ್ಲಿ ಬಟ್ಟೆ ಕತ್ತರಿಸಿ, ಫೆಬ್ರವರಿಯಲ್ಲಿ ಅದನ್ನು ಗಂಟುಕಟ್ಟಿ ಅಟ್ಟಕ್ಕೆ ಸೇರಿಸುತ್ತಾರೆ. ಇದಕ್ಕೆ ಆಲಸ್ಯವನ್ನು ಹೊಣೆ ಮಾಡುವುದು ಸರಿಯಲ್ಲ, ಏಕೆಂದರೆ ಸಂಸಾರದ ನಡುವೆ ಕುಳಿತು ಮಾಡುವ ಈ ಕೆಲಸಕ್ಕೆ ಗೋಡೆಯ ಕ್ಯಾಲೆಂಡರಿಗಿಂತ ಆಯಾ ಮನೆಯ ದುಡಿಮೆಯ ಕಾಲಕ್ರಮವೇ ಆಧಾರವಾಗಬೇಕು, ಮತ್ತು ಆ ಕಾಲಕ್ರಮವು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನೆರೆಹೊರೆಯ ನಾಲ್ಕು ತಾಲ್ಲೂಕುಗಳಲ್ಲಿಯೇ ಒಂದೇ ಬಗೆಯದಾಗಿಲ್ಲ.

ಕಾಲವನ್ನು ಹಂಚುವ ಮೊದಲು ಕೆಲಸದ ಅಳತೆಯನ್ನು ತಿಳಿಯಬೇಕು. ಒಬ್ಬರು ಹೊದೆಯುವ ಕೌದಿಯನ್ನು 5 ಅಡಿ ಅಗಲ, 7 ಅಡಿ ಉದ್ದವೆಂದು ಇಟ್ಟುಕೊಂಡು, ಅರ್ಧ ಅಂಗುಲಕ್ಕೊಂದರಂತೆ ಉದ್ದುದ್ದ ಸಾಲು ಹಾಕಿದರೆ 120 ಸಾಲುಗಳಾಗುತ್ತವೆ. ಅಂಗುಲಕ್ಕೆ ನಾಲ್ಕು ಹೊಲಿಗೆಯೆಂದರೂ ಒಂದು ಸಾಲಿಗೆ 336, ಇಡೀ ಕೌದಿಗೆ 40,000ಕ್ಕೂ ಮಿಗಿಲಾದ ಹೊಲಿಗೆಗಳು ಬೇಕು, ಸಾಲುಗಳ ಒಟ್ಟು ಉದ್ದವೇ 250 ಮೀಟರ್ ದಾಟುತ್ತದೆ. ಪಳಗಿದ ಕೈಗೆ ಒಂದು ಸಾಲಿಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ದಿನಕ್ಕೊಂದು ಸಾಲು ಎಂಬುದು ಸಂಸಾರವಂದಿಗರಿಗೆ ಒಪ್ಪುವ ನಿಯಮವಾದ್ದರಿಂದ ಅರ್ಧ ಅಂಗುಲದ ಕೌದಿಗೆ ನಾಲ್ಕು ತಿಂಗಳು ಬೇಕು. ಸಾಲಿನ ಅಂತರವನ್ನು ಮುಕ್ಕಾಲು ಅಂಗುಲಕ್ಕೆ ಹಿಗ್ಗಿಸಿದರೆ ಸಾಲುಗಳು 80ಕ್ಕೆ ಇಳಿಯುತ್ತವೆ, ಹೊದಿಕೆಯ ಗಟ್ಟಿತನ ಸ್ವಲ್ಪ ಕುಗ್ಗಿದರೂ ಮೆದುತನ ಹೆಚ್ಚುತ್ತದೆ. ಮೊದಲ ಕೌದಿಗೆ ಈ 80 ಸಾಲುಗಳೇ ಸಾಕು.

ನಾಗಮಂಗಲದ ಬಹುಪಾಲು ಮತ್ತು ಕೆ.ಆರ್. ಪೇಟೆಯ ಮಳೆಯಾಶ್ರಿತ ಹಳ್ಳಿಗಳಲ್ಲಿ ವರ್ಷದ ದೊಡ್ಡ ಬಿಡುವು ಒಂದೇ. ಮುಂಗಾರಿನಲ್ಲಿ ಬಿತ್ತಿದ ರಾಗಿ ಕೊಯ್ಲಾಗಿ, ಮೆದೆಯೊಟ್ಟಿ, ಕಣದಲ್ಲಿ ಒಕ್ಕಣೆ ಮುಗಿದು, ಕಾಳು ಮನೆ ಸೇರುವ ಹೊತ್ತಿಗೆ ಸಂಕ್ರಾಂತಿ ಕಳೆದಿರುತ್ತದೆ, ಮತ್ತು ಅಲ್ಲಿಂದ ಭರಣಿ ಮಳೆ ಬೀಳುವ ಏಪ್ರಿಲ್ ಕೊನೆಯವರೆಗೆ ಹೊಲದ ಕೆಲಸ ತೆಳುವಾಗಿಯೇ ಇರುತ್ತದೆ. ಹೇಮಗಿರಿಯ ದನಗಳ ಜಾತ್ರೆ ನೆರೆಯುವ ರಥಸಪ್ತಮಿಯಂದು, ಅಂದರೆ ಮಾಘ ಶುದ್ಧ ಸಪ್ತಮಿಯಂದು, ಮೊದಲ ಸಾಲು ಹಾಕಿದರೆ ಅಕ್ಷಯ ತೃತೀಯೆಗೆ, ನಡುವೆ ಅಧಿಕ ಮಾಸ ಬರದಿದ್ದಲ್ಲಿ, ಸುಮಾರು 85 ದಿನಗಳು ಸಿಗುತ್ತವೆ. ಐದು ದಿನ ಹಬ್ಬಕ್ಕೂ ನೆಂಟರಿಗೂ ಬಿಟ್ಟರೂ 80 ಸಾಲಿನ ಕೌದಿಗೆ ಈ ಅವಧಿ ಅಳೆದಿಟ್ಟಂತೆ ಒಪ್ಪುತ್ತದೆ. ಇದರ ನಡುವೆ ಯುಗಾದಿ ಬರುತ್ತದೆ. ವರ್ಷದ ಮೊದಲ ಉಳುಮೆಯಾದ ಹೊನ್ನಾರು ಕಟ್ಟುವ ಆ ದಿನಕ್ಕೆ 50ನೆಯ ಸಾಲಿನ ಆಸುಪಾಸಿನಲ್ಲಿರುವ ಕೌದಿಯು ಸರಿಯಾದ ದಾರಿಯಲ್ಲಿದೆಯೆಂದೇ ತಿಳಿಯಬೇಕು. ಹೀಗೆ ನೋಡಿದಾಗ ಹೊಸ ವರ್ಷವೆಂಬುದು ಕೌದಿಯ ಆರಂಭದ ದಿನವಾಗದೆ ಅದರ ಮುಕ್ಕಾಲು ಭಾಗದತ್ತ ಸಾಗುವ ಗಡಿಯಾಗುತ್ತದೆ, ಮತ್ತು ಒಣಭೂಮಿಯ ಮನೆಗಳಿಗೆ ಈ ಕ್ರಮವೇ ಹೆಚ್ಚು ನಂಬಿಕೆಗೆ ಅರ್ಹವಾದದ್ದು.

ನಾಲೆಯ ಬಯಲಿನ ಸಂಗತಿ ಬೇರೆ. 1911ರಲ್ಲಿ ಕಟ್ಟಡ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಅದಕ್ಕೂ ಹಿಂದಿನ ಚಿಕ್ಕದೇವರಾಯ ಸಾಗರ ನಾಲೆ ಮೊದಲಾದವುಗಳ ನೀರುಣ್ಣುವ ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಊರುಗಳಲ್ಲಿ ಮುಂಗಾರಿನ ಭತ್ತ ಮನೆ ಸೇರುತ್ತಿದ್ದಂತೆಯೇ, ಜಲಾಶಯದಲ್ಲಿ ನೀರಿದ್ದ ವರ್ಷ, ಬೇಸಿಗೆ ಬೆಳೆಯ ಒಟ್ಲುಪಾತಿ, ಅಂದರೆ ಸಸಿಮಡಿ, ಸಿದ್ಧವಾಗುತ್ತದೆ. ಕಬ್ಬಿನ ಮನೆಗಳಲ್ಲಿ ಕಡಿತದ ಸರದಿ ಯಾವಾಗ ಬರುವುದೋ ಮನೆಯವರ ಕೈಯಲ್ಲಿಲ್ಲ. ನೀರು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಕ್ರಮದಲ್ಲಿ ಬಂದಾಗ ಬಿಡುವೂ ಅದೇ ರೀತಿ ತುಂಡುತುಂಡಾಗಿ ಒದಗುತ್ತದೆ. ರೇಷ್ಮೆಹುಳು ಸಾಕುವ ಮನೆಗಳಲ್ಲಂತೂ ನಾಲ್ಕನೆಯ ಜ್ವರ, ಅಂದರೆ ಹುಳು ಕೊನೆಯ ಬಾರಿ ಪೊರೆ ಕಳಚುವ ಹಂತ, ಮುಗಿದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಏರುವವರೆಗೆ ಸೂಜಿಯ ಯೋಚನೆಯೇ ಸಲ್ಲದು. ಇಂಥ ಮನೆಗಳಲ್ಲಿ ಇಡೀ ಹಾಸನ್ನು ನಡುಮನೆಯಲ್ಲಿ ಹರಡಿ ಕೂರುವ ಪದ್ಧತಿ ಎಷ್ಟು ಆಸೆಯಿಂದ ಆರಂಭವಾದರೂ ನಿಲ್ಲುವುದು ಕಷ್ಟ.

ಇಲ್ಲಿಗೆ ತುಂಡುಗಳ ಕ್ರಮ ಹೊಂದುತ್ತದೆ. 5 ಅಡಿಗೆ 7 ಅಡಿಯ ಕೌದಿಯನ್ನು ಒಂದಡಿಯ 35 ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕಕ್ಕೂ ಬಟ್ಟೆಯನ್ನು 13 ಅಂಗುಲಕ್ಕೆ ಕತ್ತರಿಸಿ, ಸುತ್ತಲೂ ಅರ್ಧ ಅಂಗುಲ ಬಿಟ್ಟು ಒಳಗೆ ಮಾತ್ರ ಹೊಲಿಯಬೇಕು. ಒಂದು ಚೌಕ ಮೂರ್ನಾಲ್ಕು ಸಂಜೆಗಳ ಕೆಲಸ. ಗದ್ದೆಗೆ ಬುತ್ತಿ ಒಯ್ಯುವ ಚೀಲದಲ್ಲಿಯೂ ಅದು ಹಿಡಿಯುತ್ತದೆ, ನಿಂತರೂ ಯಾರ ಓಡಾಟಕ್ಕೂ ಅಡ್ಡಿಯಾಗುವುದಿಲ್ಲ. ಬೇಸಿಗೆಯಲ್ಲಿ ನಾಲೆ ನಿಂತ ಮೇಲೆ ಚೌಕಗಳ ಮೇಲುಬಟ್ಟೆಗಳನ್ನು ಒಂದಕ್ಕೊಂದು ಕೂಡಿಸಿ, ಒಳಪದರಗಳ ಹೆಚ್ಚುವರಿಯನ್ನು ಅಂಚಿಗೆ ಸಮನಾಗಿ ಕತ್ತರಿಸಿ, ಹಿಂಬದಿಯ ಬಟ್ಟೆಯನ್ನು ಮಡಿಸಿ ಮುಚ್ಚುಹೊಲಿಗೆ ಹಾಕಿದರೆ ಕೌದಿ ಪೂರ್ಣವಾಗುತ್ತದೆ. ಒಳಪದರವನ್ನು ಕತ್ತರಿಸದೆ ಮಡಿಸಿದವರ ಕೌದಿಯಲ್ಲಿ ಪ್ರತಿ ಕೂಡಿಕೆಯೂ ಬದುವಿನಂತೆ ಎದ್ದು ಬೆನ್ನಿಗೆ ಒತ್ತುವುದರಿಂದ ಈ ಹಂತದಲ್ಲಿ ಅವಸರ ಕೂಡದು.

ತುಂಡು ಬಿಡುವನ್ನು ಬಳಸಿಕೊಳ್ಳುವ ಇನ್ನೊಂದು ದಾರಿಯನ್ನು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಮಹಿಳೆಯರು ತೋರಿಸಿಕೊಟ್ಟಿದ್ದಾರೆ. ಆಫ್ರಿಕ ಮೂಲದ ಈ ಸಮುದಾಯದ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿದ್ದು, 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೂ ರೂಪುಗೊಂಡಿತು. ಅವರು ಮೊದಲೇ ನಕ್ಷೆ ಬರೆಯುವುದಿಲ್ಲ. ಹಿಂಬದಿಗೆ ಒಂದು ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ತೇಪೆಗಳನ್ನಿಡುತ್ತ, ಅಂಚಿನುದ್ದಕ್ಕೂ ಸುತ್ತು ಬರುತ್ತ ನಡುಭಾಗದತ್ತ ಸರಿಯುತ್ತಾರೆ, ಮತ್ತು ನಾಲ್ಕು ಮೂಲೆಗಳಿಗೆ ಫುಲಾ ಎಂದು ಕರೆಯುವ ಮಡಿಸಿದ ತ್ರಿಕೋನ ತೇಪೆಗಳನ್ನು ಇಡದೆ ಕೌದಿ ಮುಗಿಯಿತೆಂದು ಭಾವಿಸುವುದಿಲ್ಲ. ಎಲ್ಲ ಪದರಗಳನ್ನೂ ಮೊದಲೇ ಹಾಸಿ ಅಂಚಿನಿಂದ ಹೊಲಿದರೆ ಬಟ್ಟೆ ನಡುವಿಗೆ ತಳ್ಳಿಕೊಂಡು ಉಬ್ಬುತ್ತದೆ, ಆದ್ದರಿಂದ ಆ ವಿಧಾನದಲ್ಲಿ ನಡುವಿನಿಂದ ಹೊರಕ್ಕೆ ದೊಡ್ಡ ದೊಡ್ಡ ತಾತ್ಕಾಲಿಕ ಹೊಲಿಗೆ ಹಾಕಿಕೊಳ್ಳಬೇಕಾಗುತ್ತದೆ. ಸಿದ್ದಿ ಕ್ರಮದಲ್ಲಿ ಸೂಜಿ ಬಂದಾಗಲಷ್ಟೇ ತೇಪೆ ಕೂರುವುದರಿಂದ ಆ ತೊಡಕು ಕಡಿಮೆ, ಎಲ್ಲಿ ನಿಲ್ಲಿಸಿದರೂ ಅಲ್ಲಿಂದಲೇ ಮುಂದುವರಿಸಬಹುದು. ಯಾವುದೇ ಶಾಲೆಯಲ್ಲಿ ಕಲಿಸದ ಈ ಜಾಣ್ಮೆಯು ಎಳೆಯ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ದುಡಿದವರ ಕೈಯಿಂದ ಬಂದದ್ದೆಂಬುದು ಅದರ ರಚನೆಯಲ್ಲಿಯೇ ಕಾಣುತ್ತದೆ.

ಬಟ್ಟೆ ಕೂಡಿಡುವುದಕ್ಕೂ ಮನೆಯಲ್ಲಿ ತಾನಾಗಿ ಒದಗುವ ಎರಡು ಸಂದರ್ಭಗಳಿವೆ. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನದೊಂದಿಗೆ ಹೊಸ ಸೀರೆ ಬಂದಾಗ ಮತ್ತು ಯುಗಾದಿಗೆ ಎಲ್ಲರೂ ಹೊಸ ಬಟ್ಟೆ ಉಟ್ಟಾಗ ಪೆಟ್ಟಿಗೆಯಿಂದ ಹಳೆಯವು ಹೊರಬೀಳುತ್ತವೆ. ಆ ದಿನಗಳಲ್ಲಿಯೇ ಅವನ್ನು ಮೂರು ಗಂಟುಗಳಾಗಿ ಬೇರ್ಪಡಿಸಿದರೆ ಮುಂದಿನ ಕೆಲಸ ಅರ್ಧ ಹಗುರವಾಗುತ್ತದೆ: ತೊಳೆದು ತೊಳೆದು ಮೆದುವಾದ ಹತ್ತಿ ಸೀರೆ ಮತ್ತು ಪಂಚೆಗಳು ಒಳಪದರಕ್ಕೆ, ನೇಯ್ಗೆ ಇನ್ನೂ ಗಟ್ಟಿಯಾಗಿರುವ ಹತ್ತಿ ಬಟ್ಟೆ ಹಿಂಬದಿಗೆ, ಬಣ್ಣ ಉಳಿದ ಸೆರಗು ಮತ್ತು ಅಂಚುಗಳು ತೇಪೆಗೆ. ಹಳೆಯ ಹತ್ತಿ ಆಗಲೇ ಕುಗ್ಗಬೇಕಾದಷ್ಟು ಕುಗ್ಗಿರುವುದರಿಂದ ಒಗೆದಾಗ ಮತ್ತೆ ಸುಕ್ಕುಗಟ್ಟುವುದಿಲ್ಲ, ಹೊಸ ಬಟ್ಟೆಯನ್ನು ತೊಳೆಯದೆ ಅದರ ಜೊತೆ ಸೇರಿಸಿದರೆ ಮಾತ್ರ ಹೊಸತು ಕುಗ್ಗಿ ಹಳೆಯದನ್ನು ಎಳೆದು ಹರಿಯುತ್ತದೆ. ಪಾಲಿಸ್ಟರ್ ಸೀರೆಗಳು ಇಂದು ಎಲ್ಲ ಮನೆಗಳಲ್ಲಿಯೂ ರಾಶಿಯಾಗಿವೆಯಾದರೂ ಅವು ಸೂಜಿಯ ಕೆಳಗೆ ಜಾರುತ್ತವೆ, ಬೆವರನ್ನು ಹೀರುವುದಿಲ್ಲ, ಒಳಪದರಕ್ಕೆ ಅವನ್ನು ಬಳಸದಿರುವುದೇ ಲೇಸು. ಗಂಜಿ ಹಾಕಿದ ಪಂಚೆಯನ್ನು ಗಂಜಿ ಪೂರ್ತಿ ಹೋಗುವವರೆಗೆ ನೆನೆಸಿ ತೊಳೆಯಬೇಕು, ಇಲ್ಲದಿದ್ದರೆ ಗಂಜಿಗೆ ಬರುವ ಹುಳುಗಳು ಪದರಗಳನ್ನು ತಿಂದುಹಾಕುತ್ತವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದಲ್ಲಿ ಕೈಮಗ್ಗದ ರೇಷ್ಮೆ ಸೀರೆಗಳು ನೇಯಲ್ಪಡುತ್ತವೆ, ಅಂಥ ಸೀರೆ ಹಳತಾದಾಗ ಅದರ ಅಂಚು ತೇಪೆಗೆ ಸೊಗಸು, ಒಡಲು ಮಾತ್ರ ಮಡಿಕೆಯಲ್ಲಿ ಬಿರಿಯುವುದರಿಂದ ಪದರಕ್ಕೆ ಬಾರದು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1960ರಲ್ಲಿ ಸುರೇಂದ್ರ ಕೌಲಗಿಯವರು ಸ್ಥಾಪಿಸಿದ ಜನಪದ ಸೇವಾ ಟ್ರಸ್ಟ್ ಖಾದಿ ನೇಯ್ಗೆಯನ್ನು ಉಳಿಸಿಕೊಂಡು ಬಂದಿದೆ, ಹಿಂಬದಿಗೆ ಹೊಸ ಬಟ್ಟೆ ಕೊಳ್ಳಲೇಬೇಕಾದವರು ಗಿರಣಿಯ ತೆಳು ಬಟ್ಟೆಗಿಂತ ಖಾದಿಯನ್ನು ಆರಿಸಿಕೊಳ್ಳುವುದು ಉತ್ತಮ.

ಕುಟುಂಬದೊಳಗಿನ ಕೆಲಸದ ಹಂಚಿಕೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ಒಂದು ಮಾತನ್ನಂತೂ ಬಿಡುವಂತಿಲ್ಲ. ಕೌದಿಯನ್ನು ಮನೆಯ ಹೆಣ್ಣೊಬ್ಬಳ ಉಳಿದ ಸಮಯಕ್ಕೆ ತಳ್ಳಿದರೆ ಅವಳಿಗೆ ಉಳಿಯುವ ಸಮಯವೇ ಇಲ್ಲ. ಸೂಜಿಗೆ ದಾರ ಪೋಣಿಸುವುದು ಮಕ್ಕಳ ಕಣ್ಣಿಗೆ ಸುಲಭ, ಅಜ್ಜಿಯ ಕೈಗೆ ಹೊಲಿಗೆ ಸುಲಭ, ಗುಂಡಿ ಕಿತ್ತು ಅಂಗಿಗಳ ಹೊಲಿಗೆ ಬಿಚ್ಚುವುದನ್ನು ಗಂಡಸರು ಟಿ.ವಿ. ಮುಂದೆ ಕುಳಿತೇ ಮಾಡಬಹುದು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮಕ್ಕಳಿರುವ ಮನೆಯಲ್ಲಿ ಮಾರ್ಚ್ ತಿಂಗಳ ಲೆಕ್ಕವನ್ನು ಬಿಟ್ಟು ಬೇಸಿಗೆ ರಜೆಯಲ್ಲಿ ದಿನಕ್ಕೆ ಎರಡು ಸಾಲು ಹಾಕಿಕೊಳ್ಳುವುದು ಸರಿ. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ನೆಂಟರು ಬಂದಿಳಿಯುವ ಮನೆಗಳಲ್ಲಿ ಆ ವಾರ ಹೊಲಿಗೆ ನಿಲ್ಲುತ್ತದೆ, ಆದರೆ ಬಂದವರ ಕೈಗೂ ಸೂಜಿ ಕೊಡುವ ರೂಢಿಯಿದ್ದಲ್ಲಿ ಒಂದೇ ಮಧ್ಯಾಹ್ನದಲ್ಲಿ ನಾಲ್ಕೈದು ಸಾಲು ಮುಗಿಯುವುದೂ ಉಂಟು, ಮತ್ತು ಬೇರೆ ಬೇರೆ ಕೈಗಳ ಹೊಲಿಗೆ ಒಂದೇ ಅಳತೆಯಲ್ಲಿ ಬರಲಿಲ್ಲವೆಂದು ಅದನ್ನು ಬಿಚ್ಚಿ ಹಾಕುವುದು ಕೌದಿಯ ಸ್ವಭಾವಕ್ಕೇ ವಿರುದ್ಧ.

ಮನೆಯಲ್ಲಿ ಬಾಣಂತಿ ಬರುವ ವರ್ಷವಾದರೆ ದೊಡ್ಡ ಕೌದಿಯನ್ನು ಬದಿಗಿಟ್ಟು ಮಗುವಿನದನ್ನು ಮೊದಲು ಮುಗಿಸಬೇಕು. ಎರಡೂವರೆ ಅಡಿಗೆ ಮೂರು ಅಡಿಯ ಆ ಪುಟ್ಟ ಕೌದಿಗೆ ಅಜ್ಜನ ಹಳೆಯ ಪಂಚೆಯ ನಾಲ್ಕು ಪದರಗಳು ಸಾಕು, ಅಂಗುಲಕ್ಕೊಂದು ಸಾಲಿನಂತೆ 30 ಸಾಲುಗಳು, ದಿನಕ್ಕೆ ಎರಡರಂತೆ ಹದಿನೈದು ಸಂಜೆಗಳು. ತೇಪೆ, ಗುಂಡಿ, ಕನ್ನಡಿ ಏನೂ ಬೇಡ, ದಾರದ ಗಂಟುಗಳೆಲ್ಲ ಪದರಗಳ ಒಳಗೆ ಅಡಗಿರಬೇಕು. ದಿನವೂ ಒಗೆಯಬೇಕಾದ ವಸ್ತುವಾದ್ದರಿಂದ ಇಂಥವು ಕನಿಷ್ಠ ಮೂರಾದರೂ ಇರಲೇಬೇಕು.

ಅಕ್ಷಯ ತೃತೀಯೆಗೆ ಮುಗಿದ ಕೌದಿಯನ್ನು ಮೇ ತಿಂಗಳ ಬಿಸಿಲಿನಲ್ಲಿಯೇ ಮೊದಲ ಬಾರಿ ಒಗೆದು ಒಣಗಿಸುವುದು ಒಳ್ಳೆಯದು, ಏಕೆಂದರೆ ಮಂಡ್ಯದ ಈ ಭಾಗದಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳು ಹೆಚ್ಚು ಮಳೆಯವು, ಆಗ ಒಗೆದ ದಪ್ಪ ಹಾಸಿನ ಒಳಪದರ ಒಣಗದೆ ಮುಗ್ಗುತ್ತದೆ. ನೀರು ಕುಡಿದ ಕೌದಿಯ ಭಾರ ಹೊಲಿಗೆಯನ್ನು ಕೀಳುವಷ್ಟಿರುವುದರಿಂದ ಅದನ್ನು ಹಗ್ಗದ ಮೇಲೆ ನೇತುಹಾಕದೆ, ಒಕ್ಕಣೆ ಮುಗಿದು ಖಾಲಿಯಾದ ಕಣದಲ್ಲಿಯೋ ತಾರಸಿಯ ಮೇಲೋ ಚಾಪೆ ಹಾಸಿ ಹರಡಿ, ಮಧ್ಯಾಹ್ನಕ್ಕೊಮ್ಮೆ ಮಗುಚಿ, ಎರಡು ದಿನ ಕಾಯಿಸಿ, ಒಣ ಬೇವಿನ ಸೊಪ್ಪಿನೊಂದಿಗೆ ಮಡಿಸಿಟ್ಟರೆ ಮಾಗಿಯ ಚಳಿಗೆ ಅದು ಸಿದ್ಧವಾಗಿರುತ್ತದೆ.